ಬಿಚ್ಚಿಟ್ಟ ಅಕ್ಷರಗಳ ಮನೆ

ಆಂಟ್‌ವರ್ಪ್ ರೈಲು ನಿಲ್ದಾಣದಿಂದ ಹೊರಬಿದ್ದರೆ ಪಕ್ಕದಲ್ಲೇ ವಜ್ರದ ವ್ಯಾಪಾರಿಗಳ ಓಣಿಗಳು. ಗುಜರಾತಿ ಮಾತು ಕಿವಿಗೆ ಬೀಳುತ್ತದೆ. ಅಲ್ಲಿಂದ ಅಂಗಡಿ ಬೀದಿಗಳನ್ನು ದಾಟಿ ಶೆಲ್ಟ್ ನದಿಯ ಕಡೆಗೆ ನಡೆದರೆ ಹಳೆಯ ಪೇಟೆ, ಎತ್ತರದ ಕೆಥೆಡ್ರಲ್, ಅದರೊಳಗೆ ರೂಬೆನ್ಸ್‌ನ ಚಿತ್ರಗಳು. ಬೆಲ್ಜಿಯಂಗೆ ಬಂದವರು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತಾರೆ. ನಾನು ಹುಡುಕುತ್ತಿದ್ದದ್ದು ಅಲ್ಲಿಂದ ಸ್ವಲ್ಪವೇ ದೂರದ ಒಂದು ಸಣ್ಣ ಚೌಕವನ್ನು. ಹೆಸರು ಶುಕ್ರವಾರದ ಸಂತೆ. ಹೆಸರಿಗೆ ತಕ್ಕಂತೆ ಇವತ್ತಿಗೂ ಶುಕ್ರವಾರ ಬೆಳಿಗ್ಗೆ ಅಲ್ಲಿ ಹಳೆಯ ಮೇಜು ಕುರ್ಚಿಗಳ, ಪಾತ್ರೆ ಪಡಗಗಳ ಹರಾಜು ನಡೆಯುತ್ತದೆ. ಚೌಕದ ಒಂದು ಬದಿಯನ್ನು ಪೂರ್ತಿ ಆವರಿಸಿಕೊಂಡ ಮನೆಯೊಂದಿದೆ. ಅದರ ಬಾಗಿಲ ಮೇಲೆ ಕೈವಾರದ ಕೆತ್ತನೆ. ಕೈವಾರದ ಒಂದು ಕಾಲು ನೆಲಕ್ಕೆ ಊರಿ ನಿಂತಿರುತ್ತದೆ, ಇನ್ನೊಂದು ಸುತ್ತುತ್ತಿರುತ್ತದೆ. ನಿಂತ ಕಾಲು ಸ್ಥೈರ್ಯ, ಸುತ್ತುವ ಕಾಲು ದುಡಿಮೆ. ಕ್ರಿಸ್ಟೊಫ್ ಪ್ಲಾಂಟಿನ್ ತನ್ನ ಅಚ್ಚುಕೂಟಕ್ಕೆ ಆರಿಸಿಕೊಂಡ ಗುರುತು ಅದು.

ಒಳಗೆ ನಾಲ್ಕೂ ಕಡೆ ಕಟ್ಟಡ, ನಡುವೆ ತೋಟ, ಗೋಡೆಗೆ ಹಬ್ಬಿದ ಹಳೆಯ ದ್ರಾಕ್ಷಿಬಳ್ಳಿ. ಮನೆ, ಪುಸ್ತಕದ ಅಂಗಡಿ, ಲೆಕ್ಕದ ಕೋಣೆ, ಪ್ರೂಫ್ ತಿದ್ದುವ ಕೋಣೆ, ಅಚ್ಚುಮೊಳೆ ಇಡುವ ಕೋಣೆ, ಅಚ್ಚಿನ ಕೋಣೆ, ಮಹಡಿಯಲ್ಲಿ ಎರಕದ ಕೋಣೆ ಎಲ್ಲವೂ ಒಂದೇ ಸೂರಿನಡಿ. ಪ್ಲಾಂಟಿನ್ ಈ ಜಾಗಕ್ಕೆ ಬಂದದ್ದು 1576ರಲ್ಲಿ. ಅವನ ಅಳಿಯ ಯಾನ್ ಮೊರೆಟಸ್, ಆಮೇಲೆ ಅವನ ಮಕ್ಕಳು ಮೊಮ್ಮಕ್ಕಳು ಇದೇ ಮನೆಯಲ್ಲಿ ಅಚ್ಚಿನ ಕೆಲಸ ನಡೆಸಿದರು. 1876ರಲ್ಲಿ ಎಡ್ವರ್ಡ್ ಮೊರೆಟಸ್ ಮನೆಯನ್ನೂ ಒಳಗಿದ್ದ ಸಮಸ್ತವನ್ನೂ ನಗರಕ್ಕೆ ಮಾರಿದ. ಮಾರನೆಯ ವರ್ಷವೇ ಅದು ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಬರೆಯಲು ತೊಡಗಿದ ಕಾಲಕ್ಕೆ ಕನ್ನಡದ ಸಣ್ಣ ಪತ್ರಿಕೆಗಳೆಲ್ಲ ಟ್ರೆಡಲ್ ಯಂತ್ರದ ಮೇಲೆಯೇ ಅಚ್ಚಾಗುತ್ತಿದ್ದವು. ಲೇಖನ ಕೊಟ್ಟವನೇ ಪ್ರೆಸ್ಸಿಗೆ ಹೋಗಿ ಕೂತು ಪ್ರೂಫ್ ನೋಡಬೇಕು. ಹೀಗಾಗಿ ಸಾಗರದ ಒಂದು ಸಣ್ಣ ಮುದ್ರಣಾಲಯದಲ್ಲಿ ನನ್ನ ಎಷ್ಟೋ ಸಂಜೆಗಳು ಕಳೆದವು. ಕೇಸು, ಗ್ಯಾಲಿ, ಚೇಸು, ಫಾರಮ್ಮು, ಲೆಡ್ಡು, ಕ್ವಾಡು ಎಂಬ ಮಾತುಗಳು ಅಲ್ಲಿ ಉಪ್ಪು ಮೆಣಸಿನ ಹಾಗೆ ದಿನನಿತ್ಯದವು. ಆ ಮಾತುಗಳು ಹೆಸರಿಸುವ ವಸ್ತುಗಳು ನಾನೂರು ವರ್ಷಗಳ ಹಿಂದೆ ಹೇಗಿದ್ದವೋ ಹಾಗೇ ಉಳಿದಿರುವ ಮನೆಯೊಂದಿದೆ ಎಂದು ಓದಿದ ದಿನದಿಂದ ಇಲ್ಲಿಗೆ ಬರಬೇಕೆಂಬ ಆಸೆ ಇತ್ತು.

ಪ್ಲಾಂಟಿನ್ ಹುಟ್ಟಿದ್ದು ಸುಮಾರು 1520ರಲ್ಲಿ, ಫ್ರಾನ್ಸಿನ ತೂರ್ ಪಟ್ಟಣದ ಸಮೀಪ. ಆಂಟ್‌ವರ್ಪ್‌ಗೆ ಬಂದಾಗ ಅವನು ಪುಸ್ತಕ ಕಟ್ಟುವವನು, ಚರ್ಮದ ಕುಸುರಿ ಕೆಲಸದವನು. ಒಂದು ರಾತ್ರಿ ಬೀದಿಯಲ್ಲಿ ಹೋಗುತ್ತಿದ್ದಾಗ ಕುಡಿದ ಗುಂಪೊಂದು ಅವನನ್ನು ಬೇರೆ ಯಾರೋ ಎಂದುಕೊಂಡು ಇರಿಯಿತು, ಆ ಗಾಯದಿಂದ ಬಗ್ಗಿ ಮಾಡುವ ಕೆಲಸ ಅಸಾಧ್ಯವಾಗಿ ಅವನು ಅಚ್ಚಿಗೆ ತಿರುಗಿದ ಎನ್ನುವುದು ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. 1555ರಿಂದ ಅವನ ಹೆಸರಿನ ಪುಸ್ತಕಗಳು ಹೊರಬಂದವು. 1562ರಲ್ಲಿ ಅವನು ಪ್ಯಾರಿಸ್‌ನಲ್ಲಿದ್ದಾಗ ಅವನ ಪ್ರೆಸ್ಸಿನಲ್ಲಿ ಧರ್ಮವಿರೋಧಿ ಕಿರುಹೊತ್ತಗೆಯೊಂದು ಅಚ್ಚಾಗಿದೆ ಎಂದು ಸರ್ಕಾರ ದಾಳಿ ಮಾಡಿತು, ಸಾಮಾನು ಹರಾಜಾಯಿತು. ಮರುವರ್ಷ ಪಾಲುದಾರರನ್ನು ಕಟ್ಟಿಕೊಂಡು ಮತ್ತೆ ಶುರು ಮಾಡಿದ. 1570ರ ದಶಕದ ನಡುವಿಗೆ ಅವನ ಬಳಿ 16 ಪ್ರೆಸ್ಸುಗಳಿದ್ದವು, ಐವತ್ತಕ್ಕೂ ಹೆಚ್ಚು ಆಳುಗಳಿದ್ದರು. ಆ ಕಾಲದ ಯುರೋಪಿನಲ್ಲಿ ಇಷ್ಟು ದೊಡ್ಡ ಅಚ್ಚುಕೂಟ ಇನ್ನೊಂದು ಇರಲಿಲ್ಲ.

ಅಚ್ಚಿನ ಕೋಣೆ ಉದ್ದಕ್ಕಿದೆ. ಒಂದು ಕಡೆ ಓಕ್ ಮರದ ಪ್ರೆಸ್ಸುಗಳ ಸಾಲು, ಇನ್ನೊಂದು ಕಡೆ ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿದ ಮೊಳೆ ಕೇಸುಗಳು. ಕೊನೆಯಲ್ಲಿರುವ ಎರಡು ಪ್ರೆಸ್ಸುಗಳು ಸುಮಾರು 1600ರವು. ಜಗತ್ತಿನಲ್ಲಿ ಉಳಿದಿರುವ ಪ್ರೆಸ್ಸುಗಳಲ್ಲಿ ಇವೇ ಅತ್ಯಂತ ಹಳೆಯವು. ಎರಡು ದಪ್ಪ ಕಂಬ, ಮೇಲೊಂದು ತೊಲೆ, ನಡುವೆ ದೊಡ್ಡ ಸ್ಕ್ರೂ, ಸ್ಕ್ರೂವಿಗೆ ಅಡ್ಡಲಾಗಿ ಉದ್ದನೆಯ ಹಿಡಿ. ಹಿಡಿ ಎಳೆದಾಗ ಇಡೀ ಪ್ರೆಸ್ಸು ಅಲುಗದಿರಲೆಂದು ಕಂಬಗಳಿಂದ ಚಾವಣಿಗೆ ಮರದ ಆಸರೆ ಕೊಟ್ಟಿದ್ದಾರೆ. ಪ್ರೆಸ್ಸು ಕಟ್ಟಡಕ್ಕೇ ಕಟ್ಟಿಹಾಕಿದ ಯಂತ್ರ ಎಂಬುದು ಪುಸ್ತಕದ ಚಿತ್ರದಲ್ಲಿ ತಿಳಿಯುವುದಿಲ್ಲ, ಕೆಳಗೆ ನಿಂತು ತಲೆಯೆತ್ತಿದರೆ ತಿಳಿಯುತ್ತದೆ.

ಒಂದು ಪ್ರೆಸ್ಸಿಗೆ ಇಬ್ಬರು. ಒಬ್ಬ ಮಸಿ ಬಡಿಯುವವನು, ಇನ್ನೊಬ್ಬ ಹಿಡಿ ಎಳೆಯುವವನು. ಮಸಿ ಎಂದರೆ ಕುದಿಸಿದ ಅಗಸೆ ಎಣ್ಣೆಗೆ ಬೆರೆಸಿದ ಕಾಡಿಗೆ. ಎಣ್ಣೆ ಹದಕ್ಕೆ ಬಂದಿದೆಯೋ ಎಂದು ಎರಡು ಬೆರಳ ನಡುವೆ ಎಳೆದು ನೋಡುತ್ತಿದ್ದರು. ಎಳೆ ಹಿಡಿಯಬೇಕು. ಅದನ್ನು ಹಚ್ಚಲು ರೋಲರ್ ಇರಲಿಲ್ಲ. ಚರ್ಮದೊಳಗೆ ಉಣ್ಣೆಯನ್ನೋ ಕುದುರೆ ಕೂದಲನ್ನೋ ತುಂಬಿದ, ಹಿಡಿಕೆಯಿರುವ ಎರಡು ಚೆಂಡುಗಳಿದ್ದವು. ಚೆಂಡಿಗೆ ಚೆಂಡು ಉಜ್ಜಿ ಮಸಿಯನ್ನು ಸಮ ಮಾಡಿಕೊಂಡು ಮೊಳೆಗಳ ಮೇಲೆ ತಟ್ಟಬೇಕು. ಹೆಚ್ಚಾದರೆ ಅಕ್ಷರದ ಕಣ್ಣು ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಮಾಸಲಾಗುತ್ತದೆ. ಚರ್ಮ ಒಣಗಿ ಬಿರುಸಾಗದಿರಲೆಂದು ರಾತ್ರಿ ಅದನ್ನು ಮೂತ್ರದಲ್ಲಿ ನೆನೆಹಾಕುತ್ತಿದ್ದರು. ಜ್ಞಾನದ ಬೆಳಕು ಎಂದು ನಾವು ಹೊಗಳುವ ಆ ಪುಸ್ತಕಗಳ ಹಿಂದೆ ಈ ವಾಸನೆಯೂ ಇತ್ತು.

ಎಳೆಯುವವನ ಕೆಲಸ ಮೈಮುರಿಯುವಂಥದು. ಕಾಗದವನ್ನು ಹಿಂದಿನ ದಿನವೇ ತೇವ ಮಾಡಿ ಇಟ್ಟಿರುತ್ತಾರೆ, ಒಣ ಕಾಗದ ಮಸಿಯನ್ನು ಸರಿಯಾಗಿ ಹೀರುವುದಿಲ್ಲ. ಹಾಳೆಯನ್ನು ಚರ್ಮ ಹೊದಿಸಿದ ಚೌಕಟ್ಟಿಗೆ ಸಿಕ್ಕಿಸಿ, ಅದರ ಮೇಲೆ ಇನ್ನೊಂದು ತೆಳು ಚೌಕಟ್ಟನ್ನು ಮಡಿಸುತ್ತಾನೆ. ಅದರಲ್ಲಿ ಪುಟಗಳಿರುವ ಕಡೆ ಮಾತ್ರ ಕಿಂಡಿ ಕೊರೆದಿರುತ್ತದೆ, ಅಂಚು ಮಸಿಯಾಗದಂತೆ. ಎರಡನ್ನೂ ಮೊಳೆಗಳ ಮೇಲೆ ಮಡಿಸಿ, ಕೆಳಗಿನ ಹಿಡಿ ತಿರುಗಿಸಿ ಒತ್ತುವ ಹಲಗೆಯ ಅಡಿಗೆ ತಳ್ಳಿ ಒಮ್ಮೆ ಎಳೆಯುತ್ತಾನೆ. ಹಲಗೆ ಹಾಳೆಯ ಅರ್ಧದಷ್ಟೇ ದೊಡ್ಡದು. ಹಾಗಾಗಿ ಇನ್ನಷ್ಟು ಒಳಗೆ ತಳ್ಳಿ ಮತ್ತೊಮ್ಮೆ ಎಳೆಯಬೇಕು. ಪ್ಲಾಂಟಿನ್‌ನ ಮನೆಯಲ್ಲಿ ಒಂದು ಪ್ರೆಸ್ಸಿನ ದಿನದ ಕೆಲಸ ಎಂದರೆ ಸುಮಾರು 1250 ಹಾಳೆ, ಎರಡೂ ಬದಿ. ಲೆಕ್ಕ ಹಾಕಿದರೆ ದಿನಕ್ಕೆ 5000 ಸಲ ಹಿಡಿ ಎಳೆಯಬೇಕು. ಆ ಹಿಡಿಗಳು ಕೈ ತಗುಲುವ ಕಡೆ ಕನ್ನಡಿಯಷ್ಟು ನುಣುಪಾಗಿವೆ.

ನಮ್ಮ ಟ್ರೆಡಲ್ ಇದಕ್ಕಿಂತ ಬಹಳ ಮುಂದಿನದು. ಕಾಲಲ್ಲಿ ತುಳಿದರೆ ಚಕ್ರ ತಿರುಗುತ್ತದೆ, ರೋಲರ್ ತಾನೇ ಮಸಿ ಹಚ್ಚುತ್ತದೆ. ಬಲಗೈಯಲ್ಲಿ ಕಾಗದ ಕೊಟ್ಟು ಎಡಗೈಯಲ್ಲಿ ತೆಗೆದರಾಯಿತು. ಆದರೆ ಮೊಳೆ ಕೇಸಿನ ಕಡೆಗೆ ತಿರುಗಿದ ಕೂಡಲೇ ಕಾಲದ ಅಂತರ ಮಾಯವಾಯಿತು. ಖಾನೆ ಖಾನೆಗಳ ಮರದ ತಟ್ಟೆ, ಎಡಗೈಯಲ್ಲಿ ಹಿಡಿಯುವ ಕಂಪೋಜಿಂಗ್ ಸ್ಟಿಕ್, ಜೋಡಿಸಿದ ಸಾಲುಗಳನ್ನು ಇಳಿಸುವ ಗ್ಯಾಲಿ, ಪುಟಗಳನ್ನು ಬಿಗಿದು ಕಟ್ಟುವ ಚೇಸು. ಇಲ್ಲಿನ ಸ್ಟಿಕ್ಕು ಮರದ್ದು, ಸಾಗರದ್ದು ಲೋಹದ್ದು, ಅಷ್ಟೇ ವ್ಯತ್ಯಾಸ. ಮೊಳೆಯ ಒಂದು ಬದಿಗೆ ಸಣ್ಣ ಕಚ್ಚು ಇರುತ್ತದೆ. ಕಂಪೋಸಿಟರ್ ಕಣ್ಣಲ್ಲಿ ನೋಡುವುದು ಮುಂದಿನ ಮೊಳೆಯನ್ನು, ಕೈಯಲ್ಲಿರುವುದು ನೆಟ್ಟಗಿದೆಯೋ ತಲೆಕೆಳಗೋ ಎಂದು ಹೆಬ್ಬೆರಳಿಗೆ ಆ ಕಚ್ಚು ಹೇಳುತ್ತದೆ. ಅಲ್ಲಿ ತೋರಿಸಲು ಇಟ್ಟಿದ್ದ ಮೊಳೆಯೊಂದನ್ನು ಹಿಡಿದಾಗ ನನ್ನ ಹೆಬ್ಬೆರಳು ತಾನಾಗಿ ಕಚ್ಚು ಹುಡುಕಿತು.

ರೋಮನ್ ಲಿಪಿ ಜೋಡಿಸುವವರಿಗೆ ಕೆಲಸ ಸುಲಭ ಎಂದು ನಾವು ಅಂದುಕೊಳ್ಳುತ್ತೇವೆ. ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೂ ಎಷ್ಟಾಯಿತು? ಕನ್ನಡದಲ್ಲಾದರೆ ಕ ಒಂದು ಮೊಳೆ, ಕಿ ಇನ್ನೊಂದು, ಕೊಂಬು ಬೇರೆ, ಕೊಂಬಿನ ದೀರ್ಘ ಬೇರೆ, ವಟ್ರಸುಳಿ, ಅರ್ಕಾವತ್ತು, ಪ್ರತಿ ವ್ಯಂಜನಕ್ಕೂ ಅದರ ಒತ್ತು. ಕೇಸುಗಳು ಎರಡಕ್ಕೆ ಮುಗಿಯುವುದಿಲ್ಲ, ಕಂಪೋಸಿಟರ್ ಸುತ್ತ ಹಬ್ಬುತ್ತವೆ. ಆದರೆ ಪ್ಲಾಂಟಿನ್‌ನ ಕಾಲದ ಗ್ರೀಕ್ ಮೊಳೆಗಳನ್ನು ನೋಡಿದರೆ ನಮ್ಮವರಿಗೆ ಸಮಾಧಾನವಾದೀತು. ಅಂದಿನ ಗ್ರೀಕ್ ಅಚ್ಚು ಕೈಬರಹವನ್ನು ಅನುಸರಿಸುತ್ತಿತ್ತು. ಅಕ್ಷರಗಳು ಒಂದಕ್ಕೊಂದು ಕೂಡಿ, ಹೆಣೆದು, ಸ್ವರಚಿಹ್ನೆ ಹೊತ್ತು ನೂರಾರು ರೂಪ ತಾಳುತ್ತಿದ್ದವು, ರೂಪಕ್ಕೊಂದು ಮೊಳೆ. ಆ ಸಾಲುಗಳನ್ನು ಜೋಡಿಸಿದ ಕೈಗಳಿಗೂ ಸಾಗರದ ಕೈಗಳಿಗೂ ಮಾತಿಲ್ಲದೆ ಪರಿಚಯವಾಗುತ್ತಿತ್ತು.

ಮೊಳೆ ಎಂದೂ ಸಾಲುವುದಿಲ್ಲ. ಇದು ಆ ವೃತ್ತಿಯ ಮೊದಲ ಸತ್ಯ. ಸಾಗರದ ಪ್ರೆಸ್ಸಿನ ಹಿರಿಯ ಕಂಪೋಸಿಟರ್ ಭಟ್ಟರು ಒಂದು ಸಂಜೆ ಗ್ಯಾಲಿ ಪ್ರೂಫ್ ಕೈಗಿಡುತ್ತಾ ಹೇಳಿದ್ದರು: "ನಿಮ್ಮ ಲೇಖನದಲ್ಲಿ ವ್ಯಕ್ತಿತ್ವ, ಅಸ್ತಿತ್ವ, ಮಹತ್ವ ಇದೇ ಆಯ್ತಲ್ಲ ಮಾರಾಯ್ರೆ. ವ ಒತ್ತು ಪೂರ್ತಿ ಖಾಲಿ. ಎರಡು ಕಡೆ ಅಸ್ತಿತ್ವ ತೆಗೆದು ಇರವು ಅಂತ ಹಾಕ್ಲಾ?"

"ಹಾಕಿ ಭಟ್ರೆ, ಅದೇ ಚೆನ್ನಾಗಿದೆ" ಎಂದೆ. ನಿಜಕ್ಕೂ ಅದೇ ಚೆನ್ನಾಗಿತ್ತು. ಕೇಸಿನಲ್ಲಿ ಒತ್ತು ತೀರಿದ್ದರಿಂದ ತಿಳಿಯಾದ ವಾಕ್ಯಗಳು ಆ ಕಾಲದ ಕನ್ನಡದಲ್ಲಿ ಎಷ್ಟಿವೆಯೋ!

ಸಾಲದಿದ್ದರೆ ದಾರಿ ಒಂದೇ, ಅಚ್ಚಾದ ಪುಟವನ್ನು ಬಿಚ್ಚಬೇಕು. ಮಸಿ ತೊಳೆದು, ನಾಲ್ಕಾರು ಸಾಲುಗಳನ್ನು ಎಡಗೈಗೆ ಎತ್ತಿಕೊಂಡು, ಪದವನ್ನು ತಿರುಗುಮುರುಗಾಗಿ ಓದುತ್ತಾ ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಬೀಳಿಸಬೇಕು. ಪ್ರೆಸ್ಸಿನವರು ಡಿಸ್ಟ್ರಿಬ್ಯೂಷನ್ ಎನ್ನುತ್ತಿದ್ದರು, ಇಲ್ಲವೇ ಸರಳವಾಗಿ ಮೊಳೆ ಬಿಚ್ಚುವುದು ಎನ್ನುತ್ತಿದ್ದರು. ಹೊಸ ಹುಡುಗರನ್ನು ಮೊದಲು ಅದಕ್ಕೇ ಹಚ್ಚುವುದು. ಅದು ಸರಿಯಾಗದಿದ್ದರೆ ನಾಳಿನ ಜೋಡಣೆ ಕೆಡುತ್ತದೆ: ಮ ಇರಬೇಕಾದ ಖಾನೆಯಲ್ಲಿ ಯ ಕೂತರೆ ಎಂಥ ಕುಶಲಿಯ ಕೈಯೂ ತಪ್ಪನ್ನೇ ಜೋಡಿಸುತ್ತದೆ. ಅಚ್ಚಿನ ಇತಿಹಾಸ ಬರೆದವರು ಜೋಡಿಸಿದ್ದನ್ನು, ಒತ್ತಿದ್ದನ್ನು ಕೊಂಡಾಡುತ್ತಾರೆ. ದುಡಿಮೆಯ ಇನ್ನೊಂದು ಪಾಲು ಬಿಚ್ಚುವುದರಲ್ಲಿತ್ತು. ಅದರ ಗುರುತು ಯಾವ ಪುಟದ ಮೇಲೂ ಇಲ್ಲ.

ಪ್ಲಾಂಟಿನ್‌ನ ಬಹುಭಾಷಾ ಬೈಬಲನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡುವಾಗ ನನ್ನ ತಲೆಯಲ್ಲಿದ್ದದ್ದು ಇದೇ. 1568ರಿಂದ 1573ರವರೆಗಿನ ಕೆಲಸ, ಎಂಟು ಸಂಪುಟ, ಐದು ಭಾಷೆ: ಹೀಬ್ರೂ, ಅರಮೇಯಿಕ್, ಗ್ರೀಕ್, ಸಿರಿಯಾಕ್, ಲ್ಯಾಟಿನ್. ಸುಮಾರು 1200 ಪ್ರತಿ. ಸ್ಪೇನಿನ ದೊರೆ ಎರಡನೆಯ ಫಿಲಿಪ್ ಕೆಲಸದ ಮೇಲ್ವಿಚಾರಣೆಗೆ ಆರಿಯಾಸ್ ಮೊಂಟಾನೊ ಎಂಬ ವಿದ್ವಾಂಸನನ್ನು ಕಳಿಸಿದ್ದ. ಪುಟ ತೆರೆದರೆ ಎಡದಿಂದ ಬಲಕ್ಕೆ ಓದುವ ಲಿಪಿ, ಬಲದಿಂದ ಎಡಕ್ಕೆ ಓದುವ ಲಿಪಿ ಅಕ್ಕಪಕ್ಕ, ಒಂದರ ಸಾಲಿಗೆ ಇನ್ನೊಂದರ ಸಾಲು ಸರಿಹೊಂದಿದೆ. ಮೊಳೆ ಜೋಡಿಸಿದ್ದನ್ನು ಹತ್ತಿರದಿಂದ ಕಂಡವರಿಗೆ ಇದರ ಮುಂದೆ ಎದೆ ತುಂಬಿ ಬರುತ್ತದೆ. ಅಷ್ಟೂ ಪುಟಗಳು ಮೊಳೆಯಲ್ಲಿ ನಿಂತದ್ದು ಕೆಲವೇ ದಿನ. ಒತ್ತಿ ಮುಗಿದ ಪುಟ ಕೂಡಲೇ ಬಿಚ್ಚಿ ಕೇಸಿಗೆ ಹೋಗುತ್ತಿತ್ತು, ಅದೇ ಮೊಳೆ ಮುಂದಿನ ಪುಟವಾಗಿ ಬರುತ್ತಿತ್ತು.

ಆ ಕೇಸುಗಳಿಂದಲೇ ಬೇರೆ ಏನೇನು ಹೊರಟಿತು ಎಂದು ನೋಡಬೇಕು. ಬೈಬಲ್ ಕೆಲಸ ನಡೆಯುತ್ತಿರುವಾಗಲೇ, 1570ರಲ್ಲಿ, ಫಿಲಿಪ್‌ನ ಆಜ್ಞೆಯಂತೆ ನಿಷೇಧಿತ ಪುಸ್ತಕಗಳ ಪಟ್ಟಿ ಇದೇ ಅಚ್ಚುಕೂಟದಲ್ಲಿ ಅಚ್ಚಾಯಿತು. ಅದೇ ದಶಕದ ಕೊನೆಗೆ ಫಿಲಿಪ್‌ನ ವಿರುದ್ಧ ನಿಂತ ಸ್ಟೇಟ್ಸ್ ಜನರಲ್ ಎಂಬ ಪ್ರತಿನಿಧಿ ಸಭೆಗೂ ಪ್ಲಾಂಟಿನ್ ಅಚ್ಚು ಹಾಕಿಕೊಟ್ಟ. 1583ರಲ್ಲಿ ಲೈಡನ್‌ಗೆ ಹೋಗಿ ಅಲ್ಲಿನ ಪ್ರೊಟೆಸ್ಟೆಂಟರ ವಿಶ್ವವಿದ್ಯಾಲಯಕ್ಕೂ ಮುದ್ರಕನಾದ, ಎರಡು ವರ್ಷದ ಬಳಿಕ ಆಂಟ್‌ವರ್ಪ್‌ಗೆ ಮರಳಿದ. ಲೈಡನ್‌ನಲ್ಲಿ ಅವನು ಅಚ್ಚು ಹಾಕಿದ ಪುಸ್ತಕಗಳಲ್ಲಿ ಸೈಮನ್ ಸ್ಟೆವಿನ್‌ನ ದಶಾಂಶ ಗಣಿತದ ಹೊತ್ತಗೆಯೂ ಒಂದು, 1585ರದು. ಅವನನ್ನು ಅವಕಾಶವಾದಿ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1576ರ ನವೆಂಬರಿನಲ್ಲಿ ಸಂಬಳ ಸಿಗದ ಸ್ಪೇನಿನ ಸೈನಿಕರು ಆಂಟ್‌ವರ್ಪ್‌ಗೆ ಬೆಂಕಿಯಿಟ್ಟು ಲೂಟಿ ಮಾಡಿದರು, ಪ್ಲಾಂಟಿನ್ ಮತ್ತೆ ಮತ್ತೆ ಹಣ ತೆತ್ತು ಮನೆ ಉಳಿಸಿಕೊಂಡ. ಅಂಥ ಊರಿನಲ್ಲಿ ಅಷ್ಟು ಜನರ ವಾರದ ಬಟವಾಡೆ ನಡೆಸಬೇಕಾದವನ ಕಷ್ಟ ನಮಗೆ ಅರ್ಥವಾಗಬೇಕು. ಆ ಬಟವಾಡೆಯ ಪುಸ್ತಕಗಳೂ ಇಲ್ಲಿ ಉಳಿದಿವೆ, ಯಾವ ವಾರ ಯಾವ ಕಂಪೋಸಿಟರ್ ಎಷ್ಟು ಜೋಡಿಸಿದ, ಎಷ್ಟು ಪಡೆದ ಎಂದು. ಆಳುಗಳು ತಾವೇ ನಡೆಸುತ್ತಿದ್ದ ಹುಂಡಿಯೊಂದಿತ್ತು. ತಪ್ಪಿಗೆ ಹಾಕಿದ ದಂಡ ಅದಕ್ಕೆ ಹೋಗುತ್ತಿತ್ತು, ಕಾಯಿಲೆ ಬಿದ್ದವನಿಗೆ ಅದರಿಂದ ನೆರವು ಸಿಗುತ್ತಿತ್ತು.

ಪ್ರೂಫ್ ತಿದ್ದುವ ಕೋಣೆಯಲ್ಲಿ ಕಿಟಕಿಗೆ ತಾಗಿದ ದೊಡ್ಡ ಓಕ್ ಮೇಜು. ಪ್ಲಾಂಟಿನ್‌ಗೆ ಐವರು ಹೆಣ್ಣುಮಕ್ಕಳು. ಅವರಿಗೆ ಚಿಕ್ಕಂದಿನಲ್ಲೇ ಓದು ಕಲಿಸಿ ಪ್ರೂಫ್ ಕೆಲಸಕ್ಕೆ ಹಚ್ಚಿದ್ದ. ಹದಿಮೂರರ ಹುಡುಗಿ ಮ್ಯಾಗ್ಡಲೀನ್ ಬಹುಭಾಷಾ ಬೈಬಲಿನ ಪ್ರೂಫ್‌ಗಳನ್ನು ಮೊಂಟಾನೊ ಇದ್ದಲ್ಲಿಗೆ ಒಯ್ದು, ಹೀಬ್ರೂ, ಸಿರಿಯಾಕ್, ಗ್ರೀಕ್ ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದಳು ಎಂದು ಅಪ್ಪನೇ ಪತ್ರದಲ್ಲಿ ಬರೆದಿದ್ದಾನೆ. ಅರ್ಥ ಗೊತ್ತಿಲ್ಲದ ಭಾಷೆಯನ್ನು ಅಕ್ಷರ ಬಿಡದೆ ಓದುವುದು ಒಂದು ಕಠಿಣ ವಿದ್ಯೆ. ಅರ್ಥ ಗೊತ್ತಿರುವವನ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗಿಬಿಡುತ್ತದೆ. ಈ ಅಚ್ಚುಕೂಟದಲ್ಲಿ ಸುಮಾರು ಐವತ್ತು ವರ್ಷ ದುಡಿದು ಪ್ರೂಫ್ ತಿದ್ದಿದವನು ಕಾರ್ನೆಲಿಸ್ ಕಿಲಿಯಾನ್. ಡಚ್ ಭಾಷೆಯ ದೊಡ್ಡ ನಿಘಂಟನ್ನು ಬರೆದವನೂ ಅವನೇ. ಅದು 1574ರಲ್ಲಿ ಮೊದಲು ಬಂತು, ಬೆಳೆದು 1599ರಲ್ಲಿ ಮತ್ತೆ ಬಂತು. ಬೇರೆಯವರ ಮಾತುಗಳನ್ನು ಅಕ್ಷರ ಅಕ್ಷರವಾಗಿ ನೋಡುತ್ತಾ ಆಯುಷ್ಯ ಕಳೆದವನು ಒಂದು ಭಾಷೆಯ ಮಾತುಗಳನ್ನೆಲ್ಲ ಒಟ್ಟುಮಾಡಿದ.

ಮಹಡಿಯ ಎರಕದ ಕೋಣೆಗೆ ಹೋಗುವ ಹೊತ್ತಿಗೆ ಜನ ಕಡಿಮೆಯಾಗಿದ್ದರು. ಒಲೆ, ಸೌಟು, ಮರದ ಹಿಡಿಯ ಎರಕದ ಅಚ್ಚುಗಳು, ಉಕ್ಕಿನ ಪಂಚುಗಳ ಸಾಲು. ಅಲ್ಲಿದ್ದ ಸಿಬ್ಬಂದಿಯ ಹೆಂಗಸೊಬ್ಬರು ನಾನು ಒಂದೇ ಪೆಟ್ಟಿಗೆಯ ಮುಂದೆ ನಿಂತುಬಿಟ್ಟದ್ದನ್ನು ನೋಡಿ ಮಾತಿಗೆ ಬಂದರು.

ಒಂದು ಮೊಳೆ ಹುಟ್ಟುವುದು ಹೀಗೆ. ಬೆರಳುದ್ದದ ಉಕ್ಕಿನ ಸರಳಿನ ತುದಿಯಲ್ಲಿ ಅಕ್ಷರವನ್ನು ಉಬ್ಬಾಗಿ, ಕನ್ನಡಿಯಲ್ಲಿ ಕಂಡಂತೆ ಹಿಮ್ಮುಖವಾಗಿ ಅರದಿಂದ ಕಡೆಯಬೇಕು, ಅದೇ ಪಂಚು. ಅಕ್ಷರದ ಒಳಗಿನ ಬಯಲನ್ನು ಮಾಡಲು ಇನ್ನೊಂದು ಸಣ್ಣ ಪಂಚನ್ನು ಬಡಿದು ತಗ್ಗು ಮಾಡಿಕೊಳ್ಳುತ್ತಾರೆ. ಮತ್ತೆ ಮತ್ತೆ ದೀಪದ ಹೊಗೆಗೆ ಹಿಡಿದು ಕಾಗದಕ್ಕೆ ಒತ್ತಿ ನೋಡುತ್ತಾ ಕೂದಲೆಳೆಯಷ್ಟು ತೆಗೆಯುತ್ತಾ ಹೋಗಬೇಕು. ಸರಿ ಎನ್ನಿಸಿದ ಮೇಲೆ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿ, ತಾಮ್ರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು. ತಾಮ್ರದಲ್ಲಿ ಅಕ್ಷರದ ತಗ್ಗು ಮೂಡುತ್ತದೆ. ಅದು ಮ್ಯಾಟ್ರಿಕ್ಸ್. ಅದರ ಬದಿಗಳನ್ನು ಉಜ್ಜಿ, ಎಲ್ಲ ಅಕ್ಷರಗಳೂ ಒಂದೇ ಗೆರೆಯ ಮೇಲೆ ನಿಲ್ಲುವಂತೆ ಹದಗೊಳಿಸುವುದೇ ಮತ್ತೊಂದು ದೊಡ್ಡ ಕೆಲಸ.

ಮ್ಯಾಟ್ರಿಕ್ಸನ್ನು ಕೈಯಚ್ಚಿನ ಬುಡಕ್ಕೆ ಸೇರಿಸಿ ತಂತಿಯ ಸ್ಪ್ರಿಂಗಿನಿಂದ ಬಿಗಿಯುತ್ತಾರೆ. ಅಚ್ಚು ಎರಡು ಭಾಗದ್ದು, ಒಂದರ ಮೇಲೊಂದು ಜಾರುವಂಥದು. ಸರಿಸಿದರೆ ಕಿರಿದು, ಬಿಟ್ಟರೆ ಅಗಲ. ಎತ್ತರವೂ ದಪ್ಪವೂ ಬದಲಾಗದೆ ಅಗಲ ಮಾತ್ರ ಅಕ್ಷರಕ್ಕೆ ತಕ್ಕಂತೆ ಬದಲಾಗುವ ಈ ಯುಕ್ತಿ ಇಲ್ಲದಿದ್ದರೆ ಮೊಳೆಯ ಅಚ್ಚೇ ಇಲ್ಲ. ಸೌಟಿನಿಂದ ಕರಗಿದ ಲೋಹ ಹೊಯ್ದ ಆ ಕ್ಷಣವೇ ಅಚ್ಚನ್ನು ಮೇಲಕ್ಕೆ ಒಮ್ಮೆ ಜಾಡಿಸಬೇಕು, ಲೋಹ ಅಕ್ಷರದ ಸಂದುಗೊಂದಿಗೆಲ್ಲ ಇಳಿಯುವಂತೆ. ಆ ಹೆಂಗಸು ಬರಿಗೈಯಲ್ಲೇ ಆ ಜಾಡಿಸುವಿಕೆಯನ್ನು ಮಾಡಿ ತೋರಿಸಿದರು, ಮೊಣಕೈ ಮೈಗೆ ಅಂಟಿಕೊಂಡೇ ಇತ್ತು, ಮಣಿಕಟ್ಟು ಮಾತ್ರ ಚಿಮ್ಮಿತು. ಲೋಹ ಸೀಸ, ತವರ, ಆಂಟಿಮನಿಗಳ ಮಿಶ್ರಣ. ಸೀಸ ಬೇಗ ಕರಗುತ್ತದೆ ಆದರೆ ಮೆದು. ಆಂಟಿಮನಿ ಅದನ್ನು ಗಟ್ಟಿ ಮಾಡುತ್ತದೆ, ಆರುವಾಗ ಕುಗ್ಗದಂತೆ ತಡೆಯುತ್ತದೆ, ಆದ್ದರಿಂದ ಅಂಚು ಚೂಪಾಗಿ ಉಳಿಯುತ್ತದೆ. ಅಚ್ಚು ಬಿಡಿಸಿ ಮೊಳೆ ಬೀಳಿಸಿ, ಬುಡದ ಬಾಲ ಮುರಿದು, ಬದಿ ಉಜ್ಜಿದರೆ ಒಂದು ಅಕ್ಷರ ಸಿದ್ಧ. ನುರಿತವನ ಕೈಯಲ್ಲಿ ದಿನಕ್ಕೆ ಸಾವಿರಾರು.

ಈ ಮನೆಯಲ್ಲಿ ಸಾವಿರಾರು ಪಂಚುಗಳೂ ಅದಕ್ಕೂ ಹೆಚ್ಚು ಮ್ಯಾಟ್ರಿಕ್ಸ್‌ಗಳೂ ಇವೆ. ಪ್ಯಾರಿಸ್ಸಿನ ಅಕ್ಷರಶಿಲ್ಪಿ ಕ್ಲೋಡ್ ಗ್ಯಾರಮಾಂಡ್ 1561ರಲ್ಲಿ ತೀರಿಕೊಂಡಾಗ ಅವನ ಸಾಮಗ್ರಿಯಲ್ಲಿ ಒಂದಷ್ಟನ್ನು ಪ್ಲಾಂಟಿನ್ ಕೊಂಡ. ರೊಬೆರ್ ಗ್ರಾಂಜೋನ್ ಅವನಿಗಾಗಿ ಸಿರಿಯಾಕ್ ಲಿಪಿಯನ್ನು ಕಡೆದುಕೊಟ್ಟ. ಘೆಂಟ್ ಪಟ್ಟಣದ ಹೆಂಡ್ರಿಕ್ ವ್ಯಾನ್ ಡೆನ್ ಕೀರೆ 1580ರಲ್ಲಿ ಸತ್ತ ಮೇಲೆ ಅವನ ವಿಧವೆಯಿಂದ ಕೊಂಡದ್ದೂ ಇಲ್ಲಿದೆ. ಇದೇ ಮನೆಯ ಅಕ್ಷರಮಾದರಿಯಲ್ಲಿದ್ದ ಗ್ರಾಂಜೋನನ ಲಿಪಿಯನ್ನು ಆಧರಿಸಿ 1913ರಲ್ಲಿ ಮಾನೊಟೈಪ್ ಕಂಪನಿ ಪ್ಲಾಂಟಿನ್ ಎಂಬ ಹೆಸರಿನ ಟೈಪನ್ನು ಹೊರತಂದಿತು. ಟೈಮ್ಸ್ ನ್ಯೂ ರೋಮನ್ ಬಂದದ್ದು ಅದರ ಜಾಡಿನಲ್ಲಿ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅರ್ಜಿ ಬರೆದ ನಮ್ಮ ಊರಿನ ಹುಡುಗರಿಗೂ ಈ ಪೆಟ್ಟಿಗೆಗಳೊಂದಿಗೆ ನಂಟಿದೆ.

ಇಷ್ಟು ಹೇಗೆ ಉಳಿಯಿತು? ಕಾರಣ ಸ್ವಾರಸ್ಯಕರ. 1571ರಲ್ಲಿ ಫಿಲಿಪ್ ದೊರೆ ಸ್ಪೇನಿಗೂ ಅದರ ವಸಾಹತುಗಳಿಗೂ ಬೇಕಾದ ಪೂಜಾಪುಸ್ತಕಗಳನ್ನು ಒದಗಿಸುವ ಹಕ್ಕನ್ನು ಪ್ಲಾಂಟಿನ್‌ಗೆ ಕೊಟ್ಟ. ಮೊರೆಟಸ್ ವಂಶ ಆ ಒಂದೇ ಬೇರಿನಿಂದ ತಲೆಮಾರುಗಳ ಕಾಲ ಶ್ರೀಮಂತವಾಯಿತು. ಅದೇ ಪ್ರಾರ್ಥನೆಗಳು, ಅದೇ ಮೊಳೆಗಳು. ಹೊಸತನ್ನು ಕೊಳ್ಳಲು ಒತ್ತಡವಿರಲಿಲ್ಲ, ಹಳತನ್ನು ಮಾರಲು ಬಡತನವಿರಲಿಲ್ಲ. 18ನೆಯ ಶತಮಾನದಲ್ಲಿ ಸ್ಪೇನಿನ ಆ ಮಾರುಕಟ್ಟೆ ಕೈತಪ್ಪಿದ ಮೇಲೂ ಅವರು ಅಟ್ಟವನ್ನು ಖಾಲಿ ಮಾಡಲಿಲ್ಲ. ವ್ಯಾಪಾರದ ಕಣ್ಣಿಗೆ ಅದು ಜಡತೆ. ಆ ಜಡತೆಗೆ ಇವತ್ತು ಅಚ್ಚಿನ ಜಗತ್ತು ಋಣಿಯಾಗಿದೆ. 1945ರ ಜನವರಿ 2ರಂ­ದು ಜರ್ಮನರ ವಿ-2 ರಾಕೆಟ್ ಇದೇ ಚೌಕದಲ್ಲಿ ಬಿದ್ದು ಕಟ್ಟಡ ಜಖಂಗೊಂಡಿತು. ಅದನ್ನೂ ದಾಟಿ ಇವು ಉಳಿದವು.

ಕನ್ನಡದ ಕಡೆಗೆ ಮಾತು ತಿರುಗಿದ್ದು ಆಗ. ನಿಮ್ಮ ಲಿಪಿಯ ಪಂಚುಗಳು ಎಲ್ಲಿವೆ ಎಂದು ಆಕೆ ಕೇಳಿದರು. ನಾನು ಗೊತ್ತಿದ್ದಷ್ಟು ಹೇಳಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಸೆರಾಂಪುರದಲ್ಲಿ. ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟ ಶುರುವಾದಾಗ ಅಲ್ಲಿದ್ದದ್ದು ಕಲ್ಲಚ್ಚು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ ಕೂಡ ಕಲ್ಲಚ್ಚಿನದೇ. ಮೊಳೆ ಆಮೇಲೆ ಬಂತು. 1894ರಲ್ಲಿ ಅದೇ ಮಂಗಳೂರಿನಲ್ಲಿ ಕಿಟ್ಟೆಲರ ನಿಘಂಟು ಹೊರಬರುವ ಹೊತ್ತಿಗೆ, ಸುಮಾರು 70,000 ಪದಗಳನ್ನು ಕನ್ನಡ ಇಂಗ್ಲಿಷ್ ಬೆರೆತ ಸಣ್ಣ ಮೊಳೆಗಳಲ್ಲಿ ಜೋಡಿಸಬಲ್ಲ ಕೈಗಳು ಕರಾವಳಿಯಲ್ಲಿ ತಯಾರಾಗಿದ್ದವು. ಆ ಕಂಪೋಸಿಟರುಗಳ ಹೆಸರನ್ನು ಯಾರೂ ಮುಖಪುಟದಲ್ಲಿ ಹಾಕಲಿಲ್ಲ.

ಆಫ್‌ಸೆಟ್ಟು, ಡಿಟಿಪಿ ಬಂದ ಮೇಲೆ ನಮ್ಮ ಊರೂರಿನ ಪ್ರೆಸ್ಸುಗಳು ಮೊಳೆಗಳನ್ನು ಸೀಸದ ಬೆಲೆಗೆ ತೂಕಕ್ಕೆ ಹಾಕಿದವು. ಅದನ್ನು ನೆನೆದು ಮರುಗುವ ಲೇಖನಗಳು ಕನ್ನಡದಲ್ಲಿ ಬೇಕಾದಷ್ಟು ಬಂದಿವೆ. ಈ ಕೋಣೆಯಲ್ಲಿ ನಿಂತಾಗ ನನಗೆ ಬೇರೊಂದು ಸ್ಪಷ್ಟವಾಯಿತು. ಮೊಳೆ ಕರಗುವುದಕ್ಕೇ ಹುಟ್ಟಿದ್ದು. ಪ್ಲಾಂಟಿನ್‌ನ ಮನೆಯಲ್ಲೂ ಸವೆದ ಮೊಳೆ ಮತ್ತೆ ಒಲೆಗೆ ಹೋಗುತ್ತಿತ್ತು, ಹೊಸದಾಗಿ ಬರುತ್ತಿತ್ತು. ಬಹುಭಾಷಾ ಬೈಬಲನ್ನು ಒತ್ತಿದ ಮೊಳೆಗಳಿಗಾಗಿ ಇಲ್ಲಿ ಯಾರೂ ಅಳುವುದಿಲ್ಲ. ಪಂಚು ಇದ್ದರೆ, ಮ್ಯಾಟ್ರಿಕ್ಸ್ ಇದ್ದರೆ, ಜಾಡಿಸುವ ಮಣಿಕಟ್ಟು ಇದ್ದರೆ ಮೊಳೆ ನಾಳೆ ಮತ್ತೆ ಹುಟ್ಟುತ್ತದೆ. ನಾವು ಕಳೆದುಕೊಂಡ ದೊಡ್ಡದು ತೂಕಕ್ಕೆ ಹೋದ ಸೀಸವಲ್ಲ. ಯಾವ ಲಿಪಿಯ ಪಂಚನ್ನು ಯಾರು ಕಡೆದರು, ಕೇಸಿನಲ್ಲಿ ಯಾವ ಮೊಳೆ ಎಲ್ಲಿತ್ತು, ಏನನ್ನು ಏನೆಂದು ಕರೆಯುತ್ತಿದ್ದರು ಎಂಬ ತಿಳಿವಳಿಕೆ ಹೋಗುತ್ತಿದೆ. ಅದಕ್ಕೆ ಗುಜರಿಯವನು ಕಾರಣನಲ್ಲ. ಕೇಳಿ ಬರೆದುಕೊಳ್ಳದ ನಾವು ಕಾರಣ.

ಕನ್ನಡದ ಕೇಸು ಹೇಗಿರುತ್ತದೆ ಎಂದು ಆಕೆ ಕಾಗದ ಮುಂದಿಟ್ಟರು. ಭಟ್ಟರ ಕೈ ಓಡಾಡುತ್ತಿದ್ದ ದಿಕ್ಕನ್ನು ನೆನಪು ಮಾಡಿಕೊಂಡು ಖಾನೆಗಳನ್ನು ಬರೆಯಲು ಶುರು ಮಾಡಿದೆ. ನಡುವೆ ಕೈಗೆ ಹತ್ತಿರ ನ, ದ, ರ, ಲ, ತ. ದೂರದ ಮೂಲೆಗೆ ಝ, ಙ, ಞ. ಎದುರಿಗೆ ನಿಂತ ಕೇಸಿನಲ್ಲಿ ಒತ್ತುಗಳು. ಅರ್ಧದಲ್ಲಿ ನಿಂತಿತು, ಮುಂದಿನದು ನನ್ನ ಕಣ್ಣಲ್ಲಿರಲಿಲ್ಲ.

ಊರಿಗೆ ಬಂದ ಮೇಲೆ ಆ ಕಾಗದವನ್ನು ಹಿಡಿದು ಭಟ್ಟರ ಮನೆಗೆ ಹೋದೆ. ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಜಗಲಿಯ ಮೇಲೆ ಕೂತು ಗಾಳಿಯಲ್ಲಿ ಕೈಯಾಡಿಸುತ್ತಾ ಒಂದೊಂದು ಖಾನೆಯನ್ನೂ ಹೇಳಿದರು. ಬಾಯಿಗಿಂತ ಮೊದಲು ಕೈ ಹೇಳುತ್ತಿತ್ತು. ಶಿವಮೊಗ್ಗದ ಪ್ರೆಸ್ಸೊಂದರಲ್ಲಿ ದುಡಿದ ಅವರ ಭಾವನೆಂಟರೂ ಅಂದು ಅಲ್ಲಿದ್ದರು. ಒತ್ತುಗಳವರೆಗೆ ಇಬ್ಬರದೂ ಹೆಚ್ಚುಕಮ್ಮಿ ಒಂದೇ ನಕ್ಷೆ. ಅರ್ಕಾವತ್ತಿನ ಹತ್ತಿರ ಬಂದಾಗ ತಕರಾರು ಶುರುವಾಯಿತು. "ಬಲಗಡೆ ಮೇಲಿನ ಸಾಲು, ಕಣ್ಣು ಮುಚ್ಚಿ ತೆಗೀತಿದ್ದೆ" ಎಂದರು ಭಟ್ಟರು. "ನಿಮ್ಮಲ್ಲಿ ಇರಬಹುದು ಭಾವ, ನಮ್ಮಲ್ಲಿ ಎಡಗಡೆ, ಸೊನ್ನೆ ಪಕ್ಕ" ಎಂದರು ಅವರು. ಎರಡನ್ನೂ ಬರೆದುಕೊಂಡಿದ್ದೇನೆ. ಗದಗಿನಲ್ಲೂ ಮಂಗಳೂರಿನಲ್ಲೂ ಎಲ್ಲಿತ್ತು ಎಂದು ಇನ್ನು ಕೇಳಬೇಕು.